200 ಟನ್ ಪ್ರೆಸ್ ಕೊಳ್ಳುವ ಮುನ್ನ ಟೂಲ್ ರೂಮಿನ ಲೆಕ್ಕ

ಪ್ರಶ್ನೆ: ಪೀಣ್ಯ ಎರಡನೇ ಹಂತದ ಬಾಡಿಗೆ ಶೆಡ್ಡಿನಲ್ಲಿ ಪ್ರೆಸ್ ಟೂಲ್ (ಪಂಚ್ ಮತ್ತು ಡೈ ಸೇರಿದ ಅಚ್ಚು) ತಯಾರಿಕೆ ಮತ್ತು ಶೀಟ್ ಮೆಟಲ್ ಸ್ಟ್ಯಾಂಪಿಂಗ್ (ಲೋಹದ ಹಾಳೆಯನ್ನು ಪ್ರೆಸ್ಸಿನಲ್ಲಿ ಕತ್ತರಿಸಿ ಬಗ್ಗಿಸುವ) ಕೆಲಸ ನಡೆಸುತ್ತಿದ್ದೇನೆ. 14 ಜನ ಕೆಲಸಗಾರರಿದ್ದಾರೆ. 30, 50 ಮತ್ತು 63 ಟನ್ನಿನ ಮೂರು ಪ್ರೆಸ್‌ಗಳಿವೆ. ಮೊದಲೆರಡು ಹಳೆಯ ಕೀ ಕ್ಲಚ್ಚಿನವು, 63 ಟನ್ನಿನದು ನ್ಯೂಮ್ಯಾಟಿಕ್ (ಗಾಳಿಯ ಒತ್ತಡದಿಂದ ನಡೆಯುವ) ಕ್ಲಚ್ಚಿನದು. ಟೂಲ್ ರೂಮಿನಲ್ಲಿ ಮಿಲ್ಲಿಂಗ್, ಸರ್ಫೇಸ್ ಗ್ರೈಂಡರ್ ಮತ್ತು ಹಳೆಯದೊಂದು ವೈರ್‌ಕಟ್ (ವಿದ್ಯುತ್ ಕಿಡಿಯ ತಂತಿಯಿಂದ ಲೋಹ ಕತ್ತರಿಸುವ ಯಂತ್ರ) ಇವೆ. ಕಳೆದ ವರ್ಷದ ವಹಿವಾಟು ಸುಮಾರು 2.8 ಕೋಟಿ ರೂಪಾಯಿ. ಅದರಲ್ಲಿ ಶೇ 70ರಷ್ಟು ಒಂದೇ ವಾಹನ ಬಿಡಿಭಾಗ ಕಂಪನಿಯಿಂದ ಬರುತ್ತದೆ. 200 ಟನ್ನಿನ ಪ್ರೆಸ್ ಹಾಕಿದರೆ ದಪ್ಪ ಬ್ರ್ಯಾಕೆಟ್‌ಗಳ ಕೆಲಸ ಕೊಡುವುದಾಗಿ ಅವರು ಹೇಳುತ್ತಿದ್ದಾರೆ, ಬ್ಯಾಂಕಿನವರೂ ಸಾಲಕ್ಕೆ ಒಪ್ಪಿದ್ದಾರೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮುಗಿಸಿರುವ ಮಗಳು ಮಾತ್ರ ಮೊದಲು ಟೂಲ್ ರೂಮಿಗೆ ಹಣ ಹಾಕೋಣ ಎನ್ನುತ್ತಾಳೆ. ಯಾವುದು ಸರಿ? ತುಮಕೂರು ರಸ್ತೆಯ ದಾಬಸ್‌ಪೇಟೆಯ ಕಡೆಗೆ ಸ್ಥಳಾಂತರವಾಗುವುದು ಒಳ್ಳೆಯದೇ?

ಉತ್ತರ: ನಿಮ್ಮ ಮಗಳು ಹೇಳುತ್ತಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹಾಗೆಂದ ಮಾತ್ರಕ್ಕೆ ದೊಡ್ಡ ಪ್ರೆಸ್ ಬೇಡವೇ ಬೇಡ ಎಂದಲ್ಲ. ಅದು ಯಾವಾಗ ಬರಬೇಕು, ಎಷ್ಟು ಟನ್ನಿನದಿರಬೇಕು, ಅದು ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನೇನು ಸಿದ್ಧವಾಗಿರಬೇಕು ಎಂಬುದು ಇಲ್ಲಿನ ವಿಚಾರ. ಸ್ಟ್ಯಾಂಪಿಂಗ್ ಉದ್ಯಮದಲ್ಲಿ ಪ್ರೆಸ್ಸನ್ನು ಹಣವಿದ್ದ ಯಾರು ಬೇಕಾದರೂ ಕೊಳ್ಳಬಹುದು. ಅದರೊಳಗೆ ಕೂರುವ ಟೂಲನ್ನು ಯೋಚಿಸಿ, ಮಾಡಿ, ವರ್ಷಗಟ್ಟಲೆ ಕೆಡದಂತೆ ಓಡಿಸುವ ಶಕ್ತಿಯೇ ನಿಮ್ಮನ್ನು ಪಕ್ಕದ ಶೆಡ್ಡಿನವರಿಂದ ಬೇರೆ ಮಾಡುವಂಥದ್ದು.

ಮೊದಲು ಟನೇಜ್ ವಿಷಯವನ್ನೇ ನೋಡೋಣ. ಗ್ರಾಹಕರು 200 ಟನ್ ಎಂದ ಕೂಡಲೇ ಒಪ್ಪಿಕೊಳ್ಳದೆ, ಡ್ರಾಯಿಂಗ್ ಇಟ್ಟುಕೊಂಡು ಲೆಕ್ಕ ಹಾಕಿ. ಕತ್ತರಿಸಲು ಬೇಕಾಗುವ ಬಲವೆಂದರೆ ಕತ್ತರಿಸುವ ಅಂಚಿನ ಒಟ್ಟು ಉದ್ದ, ಶೀಟಿನ ದಪ್ಪ ಮತ್ತು ಲೋಹದ ಶಿಯರ್ ಸಾಮರ್ಥ್ಯ (ಕತ್ತರಿಸುವ ಬಲವನ್ನು ತಡೆಯುವ ಶಕ್ತಿ), ಈ ಮೂರರ ಗುಣಲಬ್ಧ. 3 ಮಿ.ಮೀ. ದಪ್ಪದ ಸಾಮಾನ್ಯ ಮೈಲ್ಡ್ ಸ್ಟೀಲ್ ಬ್ರ್ಯಾಕೆಟ್ಟಿನ ಸುತ್ತಳತೆ 400 ಮಿ.ಮೀ. ಇದೆ, ಶಿಯರ್ ಸಾಮರ್ಥ್ಯ ಪ್ರತಿ ಚದರ ಮಿ.ಮೀ.ಗೆ 350 ನ್ಯೂಟನ್ ಎಂದು ಇಟ್ಟುಕೊಳ್ಳಿ, ಬ್ಲ್ಯಾಂಕಿಂಗ್‌ಗೆ (ಶೀಟಿನಿಂದ ಭಾಗದ ಹೊರ ಆಕಾರ ಕತ್ತರಿಸಲು) 4.2 ಲಕ್ಷ ನ್ಯೂಟನ್, ಅಂದರೆ ಸುಮಾರು 43 ಟನ್ ಬೇಕಾಗುತ್ತದೆ. ಅದರಲ್ಲೇ 10 ಮಿ.ಮೀ. ವ್ಯಾಸದ ನಾಲ್ಕು ತೂತುಗಳಿದ್ದರೆ ಇನ್ನು 13.5 ಟನ್. ಸ್ಟ್ರಿಪ್ಪಿಂಗ್‌ಗೆಂದು (ಪಂಚಿಗೆ ಅಂಟಿದ ಶೀಟನ್ನು ಬಿಡಿಸಲು) ಶೇ 10 ಸೇರಿಸಿದರೆ ಒಟ್ಟು 62 ಟನ್ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ 63 ಟನ್ ಪ್ರೆಸ್ಸಿಗೆ ಇದು ಸಲ್ಲದು, ಏಕೆಂದರೆ ದಪ್ಪ ಶೀಟು ತಟ್ಟನೆ ಕತ್ತರಿಸಿಕೊಂಡಾಗ ಫ್ರೇಮಿಗೆ ಹಿಮ್ಮುಖವಾಗಿ ಬೀಳುವ ಹೊಡೆತವನ್ನು ತಾಳಲು ಪ್ರೆಸ್ಸಿನ ಸಾಮರ್ಥ್ಯದ ಐದನೇ ಒಂದು ಭಾಗವನ್ನಾದರೂ ಕಾಯ್ದಿಡಬೇಕು. ಆದರೆ 110 ಟನ್ನಿನ ಪ್ರೆಸ್ ಇದನ್ನು ನಿರಾಯಾಸವಾಗಿ ಮಾಡುತ್ತದೆ. ಪಂಚುಗಳ ಉದ್ದವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಎಲ್ಲವೂ ಒಂದೇ ಕ್ಷಣಕ್ಕೆ ಕತ್ತರಿಸದಂತೆ ಮಾಡಿದರೆ ಗರಿಷ್ಠ ಹೊರೆ ಇನ್ನೂ ಇಳಿಯುತ್ತದೆ. ಇದು ಟೂಲ್ ಮೇಕರ್ ಮಾಡುವ ಉಳಿತಾಯ. ಪ್ರೆಸ್ ಮಾರುವವರು ಇದನ್ನು ನಿಮಗೆ ಹೇಳುವುದಿಲ್ಲ.

ಇದಕ್ಕೆ ಎರಡು ಅಪವಾದಗಳಿವೆ. ವಾಹನ ಕಂಪನಿಗಳು ತೂಕ ಇಳಿಸಲೆಂದು ಹೆಚ್ಚು ಸಾಮರ್ಥ್ಯದ ಉಕ್ಕಿಗೆ ಹೋಗುತ್ತಿವೆ. ಅದೇ ಬ್ರ್ಯಾಕೆಟ್ಟನ್ನು 590 ಮೆಗಾಪಾಸ್ಕಲ್ ಕರ್ಷಣ ಸಾಮರ್ಥ್ಯದ ಶೀಟಿನಲ್ಲಿ ಕೇಳಿದರೆ, ಶಿಯರ್ ಸಾಮರ್ಥ್ಯ ಅದರ ಶೇ 80ರಷ್ಟೆಂದು ಹಿಡಿದಾಗ, ಹೊರೆ 83 ಟನ್ನಿಗೆ ಏರುತ್ತದೆ. ಆಗ 110 ಟನ್ ಪ್ರೆಸ್ ಅಂಚಿಗೆ ಬರುತ್ತದೆ, 160 ಟನ್ನಿನದನ್ನು ಯೋಚಿಸಬೇಕಾಗುತ್ತದೆ. ಎರಡನೆಯದು, ಬಲ ಸಾಕಾದರೂ ಬೆಡ್ ಅಳತೆ ಮತ್ತು ಶಟ್ ಹೈಟ್ (ಪ್ರೆಸ್ ಪೂರ್ತಿ ಇಳಿದಾಗ ಟೂಲಿಗೆ ಉಳಿಯುವ ಎತ್ತರ) ಸಾಲದೆ ಇರಬಹುದು. ಉದ್ದನೆಯ ಪ್ರೋಗ್ರೆಸಿವ್ ಟೂಲ್ (ಪಟ್ಟಿ ಮುಂದೆ ಸರಿದಂತೆ ಒಂದೊಂದು ಹಂತದಲ್ಲಿ ಒಂದೊಂದು ಕೆಲಸ ಮುಗಿಸುವ ಟೂಲ್) ಕೂರಿಸಲು ಜಾಗ ಬೇಕು. ಹೀಗಾಗಿ ಮುಂದಿನ ಎರಡು ಮೂರು ವರ್ಷಗಳಲ್ಲಿ ಯಾವ ಯಾವ ಭಾಗಗಳು, ಯಾವ ದರ್ಜೆಯ ಉಕ್ಕಿನಲ್ಲಿ, ತಿಂಗಳಿಗೆ ಎಷ್ಟು ಬರುತ್ತವೆ ಎಂಬುದನ್ನು ಡ್ರಾಯಿಂಗ್ ಸಹಿತ ಕೇಳಿ ಪಡೆಯಿರಿ. ಅದನ್ನು ಕೊಡಲು ಗ್ರಾಹಕರು ಹಿಂಜರಿದರೆ, ಅವರ ಮಾತಿನ ತೂಕ ಎಷ್ಟೆಂದು ನಿಮಗೆ ಅಲ್ಲೇ ತಿಳಿಯುತ್ತದೆ.

ಇನ್ನು ಟೂಲ್ ರೂಮಿನ ವಿಚಾರ. ಸ್ಟ್ಯಾಂಪಿಂಗ್ ಭಾಗದ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಹುಮಟ್ಟಿಗೆ ಕಚ್ಚಾ ಶೀಟಿನದೇ ಆಗಿರುತ್ತದೆ. ಆದ್ದರಿಂದ ಸ್ಟ್ರಿಪ್ ಲೇಔಟ್ (ಪಟ್ಟಿಯ ಮೇಲೆ ಭಾಗಗಳನ್ನು ಜೋಡಿಸುವ ನಕ್ಷೆ) ಬರೆಯುವ ಮೇಜಿನ ಮೇಲೆಯೇ ಲಾಭದ ದೊಡ್ಡ ಪಾಲು ತೀರ್ಮಾನವಾಗಿಬಿಡುತ್ತದೆ. ಒಂದು ಸರಳ ಉದಾಹರಣೆ: 2 ಮಿ.ಮೀ. ದಪ್ಪದ, 50 ಮಿ.ಮೀ. ವ್ಯಾಸದ ದುಂಡು ಬ್ಲ್ಯಾಂಕನ್ನು 54 ಮಿ.ಮೀ. ಅಗಲದ ಪಟ್ಟಿಯಲ್ಲಿ, 52 ಮಿ.ಮೀ. ಪಿಚ್ಚಿನಲ್ಲಿ (ಒಂದು ಬ್ಲ್ಯಾಂಕಿನ ನಡುವಿನಿಂದ ಮುಂದಿನದರ ನಡುವಿಗೆ ಇರುವ ಅಂತರ) ಒಂದೇ ಸಾಲಿಗೆ ಹೊಡೆದರೆ ಶೀಟಿನ ಬಳಕೆ ಸುಮಾರು ಶೇ 70. ಅದನ್ನೇ ಸುಮಾರು 99 ಮಿ.ಮೀ. ಅಗಲದ ಪಟ್ಟಿಯಲ್ಲಿ ಎರಡು ಸಾಲಾಗಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ಜೋಡಿಸಿದರೆ ಶೇ 76 ದಾಟುತ್ತದೆ. ಒಂದು ಬ್ಲ್ಯಾಂಕಿಗೆ ತಗಲುವ ಉಕ್ಕು 44 ಗ್ರಾಂನಿಂದ 40.4 ಗ್ರಾಂಗೆ ಇಳಿಯುತ್ತದೆ. ತಿಂಗಳಿಗೆ 5 ಲಕ್ಷ ಬ್ಲ್ಯಾಂಕುಗಳಾದರೆ 1,800 ಕಿಲೋ ಉಳಿತಾಯ. ಶೀಟಿನ ದರ ಕಿಲೋಗೆ 65 ರೂಪಾಯಿ, ಗುಜರಿಗೆ ಹೋಗುವ ಸ್ಕ್ರ್ಯಾಪಿನ ದರ 32 ರೂಪಾಯಿ ಎಂದುಕೊಂಡರೂ ತಿಂಗಳಿಗೆ ಸುಮಾರು 60 ಸಾವಿರ ರೂಪಾಯಿ ಕೈಯಲ್ಲಿ ಉಳಿಯಿತು. ಎರಡು ಸಾಲಿನ ಟೂಲ್ ಮಾಡುವ ಹೆಚ್ಚುವರಿ ಖರ್ಚು ಕೆಲವೇ ತಿಂಗಳಲ್ಲಿ ತೀರುತ್ತದೆ. ಸದ್ಯ ನೀವು ಓಡಿಸುತ್ತಿರುವ ಟೂಲುಗಳ ಸ್ಟ್ರಿಪ್ ಲೇಔಟುಗಳನ್ನು ಮಗಳ ಕೈಗೆ ಕೊಟ್ಟು, ಪ್ರತಿಯೊಂದರ ಬಳಕೆಯ ಪ್ರಮಾಣವನ್ನು ಈ ವಾರವೇ ಲೆಕ್ಕ ಹಾಕಿಸಿ. ಸಾಲಕ್ಕೆ ಸಹಿ ಹಾಕುವ ಮೊದಲು ಮಾಡಬೇಕಾದ ಕೆಲಸ ಇದು.

ಎರಡನೆಯ ಗಳಿಕೆ ಕೈಯಿಂದ ಮಾಡುವ ಆಪರೇಷನ್‌ಗಳನ್ನು ಕಡಿಮೆ ಮಾಡುವುದರಲ್ಲಿದೆ. ಬ್ಲ್ಯಾಂಕಿಂಗ್, ಪಿಯರ್ಸಿಂಗ್ (ತೂತು ಹೊಡೆಯುವುದು) ಮತ್ತು ಎರಡು ಬೆಂಡಿಂಗ್ ಹೀಗೆ ನಾಲ್ಕು ಬಾರಿ ಕೈಯಿಂದ ಇಟ್ಟು ತೆಗೆಯುವ ಭಾಗವೊಂದು ಪ್ರತಿ ಆಪರೇಷನ್ನಿಗೆ ಗಂಟೆಗೆ 600ರಂತೆ ಓಡಿದರೆ, ಮುಗಿದ ಭಾಗದ ಲೆಕ್ಕದಲ್ಲಿ ಒಬ್ಬ ಕೆಲಸಗಾರನಿಗೆ ಗಂಟೆಗೆ 150 ಬಂದಂತಾಯಿತು. ಅದೇ ಭಾಗವನ್ನು ಡಿಕಾಯಿಲರ್, ಸ್ಟ್ರೇಟ್ನರ್ ಮತ್ತು ರೋಲ್ ಫೀಡರ್ (ಶೀಟಿನ ಸುರುಳಿ ಬಿಚ್ಚಿ, ನೇರ ಮಾಡಿ, ತಾನಾಗಿ ಒಳಗೆ ತಳ್ಳುವ ಸಾಧನಗಳು) ಜೋಡಿಸಿದ ಪ್ರೆಸ್ಸಿನಲ್ಲಿ, ಪ್ರೋಗ್ರೆಸಿವ್ ಟೂಲಿನಿಂದ ನಿಮಿಷಕ್ಕೆ 35 ಸ್ಟ್ರೋಕಿನಂತೆ ಓಡಿಸಿ, ನಿಲುಗಡೆಗಳಿಗೆಂದು ಕಾಲುಭಾಗ ಕಳೆದರೂ ಗಂಟೆಗೆ 1,500ಕ್ಕಿಂತ ಹೆಚ್ಚು ಬರುತ್ತದೆ. ನಿಮ್ಮ 63 ಟನ್ ಪ್ರೆಸ್ಸಿಗೆ ಈ ಫೀಡಿಂಗ್ ಲೈನ್ ಹಾಕುವುದೇ ನಿಮ್ಮ ಮೊದಲ ಬಂಡವಾಳವಾಗಲಿ. ಹಾಗೆಂದು ಎಲ್ಲವನ್ನೂ ಪ್ರೋಗ್ರೆಸಿವ್ ಮಾಡಲು ಹೊರಡಬೇಡಿ. ತಿಂಗಳಿಗೆ ನಾಲ್ಕೈದು ಸಾವಿರ ಬರುವ ಭಾಗಕ್ಕೆ ಅಷ್ಟು ದುಬಾರಿಯ ಟೂಲ್ ಎಂದೂ ತನ್ನ ಖರ್ಚನ್ನು ಹಿಂದಿರುಗಿಸುವುದಿಲ್ಲ. ಅಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸ್ಟೇಜ್ ಟೂಲುಗಳೇ ಸಾಕು. ಅತಿ ಹೆಚ್ಚು ಸಂಖ್ಯೆಯಲ್ಲಿ ಹೋಗುವ, ಇನ್ನೂ ಕೆಲವು ವರ್ಷ ಬದಲಾಗದ ಎರಡು ಮೂರು ಭಾಗಗಳನ್ನು ಮಾತ್ರ ಆರಿಸಿಕೊಳ್ಳಿ.

ಟೂಲ್ ರೂಮಿಗೆ ಹಣ ಹಾಕುವುದೆಂದರೆ ಹೊಸ ವೈರ್‌ಕಟ್ ಕೊಳ್ಳುವುದೆಂದೇ ಅರ್ಥವಲ್ಲ. ವೈರ್‌ಕಟ್ ಜಾಬ್ ವರ್ಕ್ ಮಾಡುವವರು, ಹೀಟ್ ಟ್ರೀಟ್‌ಮೆಂಟಿನವರು, ಪ್ಲೇಟಿಂಗಿನವರು, ಡಿ2 ಎಂಬ ಟೂಲ್ ಉಕ್ಕನ್ನು ಅಳತೆಗೆ ಕತ್ತರಿಸಿ ಕೊಡುವವರು ಪೀಣ್ಯದಲ್ಲಿ ನಿಮ್ಮ ಸುತ್ತಲೇ ಇದ್ದಾರೆ. ನಿಮಗೆ ಹೆಚ್ಚು ಬೇಕಾಗಿರುವುದು ಒಳ್ಳೆಯ ಗ್ರೈಂಡಿಂಗ್, ನಂಬಬಹುದಾದ ಅಳತೆಯ ಸಾಧನಗಳು ಮತ್ತು ಟೂಲುಗಳ ಶಿಸ್ತು. 2 ಮಿ.ಮೀ. ಮೈಲ್ಡ್ ಸ್ಟೀಲಿಗೆ ಪಂಚ್ ಮತ್ತು ಡೈ ನಡುವಿನ ಕ್ಲಿಯರೆನ್ಸ್ ಒಂದು ಬದಿಗೆ ದಪ್ಪದ ಶೇ 5ರಿಂದ 8, ಎಂದರೆ 0.10ರಿಂದ 0.16 ಮಿ.ಮೀ. ಇರಬೇಕು. ಸುತ್ತ ಒಂದೇ ಸಮನಾಗಿಲ್ಲದಿದ್ದರೆ ಒಂದು ಕಡೆ ಬರ್ (ಕತ್ತರಿಸಿದ ಅಂಚಿನ ಚೂಪು ಮುಳ್ಳು) ಏಳುತ್ತದೆ, ಅಲ್ಲಿಂದಲೇ ಅಂಚು ಬೇಗ ಸವೆಯತೊಡಗುತ್ತದೆ. ಪ್ರತಿ ಟೂಲಿಗೂ ಒಂದು ಕಾರ್ಡ್ ಇಟ್ಟು, ಎಷ್ಟು ಸ್ಟ್ರೋಕಿಗೆ ಬರ್ ಮಿತಿ ಮೀರಿತು, ಎಷ್ಟು ಗ್ರೈಂಡ್ ಮಾಡಲಾಯಿತು, ಯಾವ ಪಂಚ್ ಮುರಿಯಿತು ಎಂಬುದನ್ನು ಬರೆಸಿ. ಬರ್ ಬರುವ ಮೊದಲೇ ನಿಗದಿತ ಸ್ಟ್ರೋಕಿಗೆ ಟೂಲ್ ಇಳಿಸಿ 0.1 ಮಿ.ಮೀ.ನಷ್ಟು ಸಾಣೆ ಹಿಡಿದರೆ ಡೈ ಎಷ್ಟೋ ಹೆಚ್ಚು ಬಾಳುತ್ತದೆ. ಸಂಪೂರ್ಣ ಮೊಂಡಾದ ಮೇಲೆ ಇಳಿಸಿದರೆ ಒಂದೇ ಸಲಕ್ಕೆ ಅರ್ಧ ಮಿ.ಮೀ. ತೆಗೆಯಬೇಕಾಗಿ ಬರುತ್ತದೆ. ಇನ್ನೊಂದು ಮಾತು: ಗ್ರೈಂಡರ್ ಮತ್ತು ವೈರ್‌ಕಟ್ ಇರುವ ಜಾಗವನ್ನು ಪ್ರೆಸ್ಸುಗಳಿಂದ ಆದಷ್ಟು ದೂರವಿಡಿ. ನಿಮ್ಮ ಈಗಿನ ಶೆಡ್ಡಿನ ಒಂದೇ ನೆಲದ ಮೇಲೆ 200 ಟನ್ನಿನ ಪ್ರೆಸ್ ಹೊಡೆಯತೊಡಗಿದರೆ ಆ ಅದುರಿಗೆ ಟೂಲ್ ರೂಮಿನ ನಿಖರತೆ ಕೆಡುವುದು ಖಂಡಿತ.

ಯಂತ್ರಕ್ಕಿಂತ ದೊಡ್ಡ ಆಸ್ತಿ ಟೂಲ್ ಮೇಕರ್. ಬೆಂಗಳೂರಿನಲ್ಲಿ ಸಣ್ಣ ಟೂಲ್ ರೂಮುಗಳು ಇಷ್ಟೊಂದು ಬೆಳೆದದ್ದಕ್ಕೆ ಕಾರಣವೇ ಮನುಷ್ಯರು. 1948ರ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), 1951ರ ಮೈಕೋ (ಈಗಿನ ಬಾಷ್), 1953ರ ಎಚ್‌ಎಂಟಿ, 1954ರ ಬಿಇಎಲ್ ಮುಂತಾದ ಕಾರ್ಖಾನೆಗಳಲ್ಲಿ ಪಳಗಿದವರು ಹೊರಬಂದು ರಾಜಾಜಿನಗರ ಮತ್ತು ಪೀಣ್ಯದಲ್ಲಿ ಸ್ವಂತ ಶೆಡ್ಡುಗಳನ್ನು ಕಟ್ಟಿದರು. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಹಾಗೆಯೇ ಎನ್‌ಟಿಟಿಎಫ್, ಆ ಪರಂಪರೆಯನ್ನು ಮುಂದಿನ ಪೀಳಿಗೆಗೆ ದಾಟಿಸಿದವು. ಇಂದು ಆ ಸಂಸ್ಥೆಗಳಿಂದ ಹೊರಬರುವ ಹುಡುಗ ಹುಡುಗಿಯರನ್ನು ದೊಡ್ಡ ಕಂಪನಿಗಳು ಕೂಡಲೇ ಸೆಳೆದುಕೊಳ್ಳುತ್ತವೆ. ಡೈ ಫಿಟ್ಟಿಂಗ್ ಬಲ್ಲ ಹಿರಿಯರೊಬ್ಬರು ನಿಮ್ಮಲ್ಲಿದ್ದರೆ ಅವರ ಸಂಬಳವನ್ನು ಮಾರುಕಟ್ಟೆಯ ಮಟ್ಟಕ್ಕೆ ಏರಿಸಿ ಉಳಿಸಿಕೊಳ್ಳಿ, ಅವರ ಕೈಕೆಳಗೆ ಇಬ್ಬರು ಅಪ್ರೆಂಟಿಸ್‌ಗಳನ್ನು ಹಾಕಿ. ಮಗಳಿಗೆ ಡಿಸೈನ್ ಮೇಜನ್ನಷ್ಟೇ ಕೊಡದೆ ಟ್ರಯಲ್ ತೆಗೆಯುವಾಗಲೂ ಪ್ರೆಸ್ಸಿನ ಮುಂದೆ ನಿಲ್ಲುವ ಅಧಿಕಾರ ಕೊಡಿ. ಸ್ಪ್ರಿಂಗ್ ಬ್ಯಾಕ್ (ಬಗ್ಗಿಸಿದ ಲೋಹ ತುಸು ಹಿಂದಕ್ಕೆ ಮರಳುವುದು) ಎಷ್ಟು ಬಂತು, ಯಾವ ಸ್ಟೇಷನ್ನಿನಲ್ಲಿ ಪಟ್ಟಿ ತುಸು ವಾಲಿತು ಎಂಬುದು ಕಂಪ್ಯೂಟರ್ ಪರದೆಯಲ್ಲಿ ಪೂರ್ತಿ ಕಾಣುವುದಿಲ್ಲ.

ಈಗ ಹಣದ ವಿಷಯ. ಬೆಳೆಯುತ್ತಿರುವ ಸ್ಟ್ಯಾಂಪಿಂಗ್ ಘಟಕಗಳು ಆರ್ಡರ್ ಇಲ್ಲದೆ ಮುಳುಗುವುದಕ್ಕಿಂತ ಹೆಚ್ಚಾಗಿ ಆರ್ಡರ್ ಇದ್ದೂ ಕೈಯಲ್ಲಿ ಹಣವಿಲ್ಲದೆ ಮುಳುಗುತ್ತವೆ ಎಂಬುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಹೊಸ ಪ್ರೆಸ್ಸಿನಿಂದ ತಿಂಗಳಿಗೆ 20 ಲಕ್ಷದ ಮಾರಾಟ ಹೆಚ್ಚುತ್ತದೆ ಎಂದಿಟ್ಟುಕೊಳ್ಳೋಣ. ಶೀಟಿಗೆ 13 ಲಕ್ಷ, ಕೂಲಿ, ವಿದ್ಯುತ್, ಪ್ಲೇಟಿಂಗ್, ಸಾಗಣೆಗೆ 4 ಲಕ್ಷ ಹೋಗುತ್ತದೆ. ಕಾಯಿಲ್ ದಾಸ್ತಾನು ಮತ್ತು ಅರ್ಧ ಮುಗಿದ ಮಾಲಿನಲ್ಲಿ 30 ದಿನ, ಗ್ರಾಹಕರಿಂದ ಹಣ ಬರಲು 75 ದಿನ. ಸ್ಟೀಲ್ ವ್ಯಾಪಾರಿ ಕೊಡುವ ಸಾಲದ ಅವಧಿ 15 ದಿನ ಎಂದು ಕಳೆದರೂ ಸುಮಾರು ಮೂರು ತಿಂಗಳ ಖರ್ಚು, ಎಂದರೆ 50 ಲಕ್ಷ ರೂಪಾಯಿ ನಿಮ್ಮ ಕಡೆಯಿಂದ ಸದಾ ಸಿಕ್ಕಿಕೊಂಡಿರುತ್ತದೆ. ಇದರ ಮೇಲೆ ಜಿಎಸ್‌ಟಿ ಇದೆ. ಶೇ 18ರ ದರದಲ್ಲಿ 20 ಲಕ್ಷಕ್ಕೆ 3.6 ಲಕ್ಷ ತೆರಿಗೆಯಲ್ಲಿ ಶೀಟಿನ ಮೇಲಿನ 2.34 ಲಕ್ಷ ಜಮೆ ಹೋದರೆ, ಉಳಿದ ಒಂದೂಕಾಲು ಲಕ್ಷವನ್ನು ಗ್ರಾಹಕರ ಹಣ ಬಂದಿರಲಿ ಬಿಡಲಿ ಮುಂದಿನ ತಿಂಗಳೇ ಕಟ್ಟಬೇಕು. ಬ್ಯಾಂಕಿನವರು ಒಪ್ಪಿರುವುದು ಪ್ರೆಸ್ಸಿನ ಟರ್ಮ್ ಲೋನಿಗೋ, ಈ ದುಡಿಯುವ ಬಂಡವಾಳಕ್ಕೂ ಸೇರಿಸಿಯೋ ಎಂದು ಸ್ಪಷ್ಟವಾಗಿ ಕೇಳಿ. ಎರಡೂ ಒಟ್ಟಿಗೆ ಮಂಜೂರಾಗದಿದ್ದರೆ ಪ್ರೆಸ್ ಕೊಳ್ಳಬೇಡಿ. ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ನಿಧಿ) ಖಾತರಿಯ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿರುವುದರಿಂದ ಆಸ್ತಿ ಅಡವಿಲ್ಲದೆ ಸಾಲ ಸಿಗುವ ದಾರಿ ಇದೆ. ಆದರೆ ಆ ಖಾತರಿ ಬ್ಯಾಂಕಿನ ರಕ್ಷಣೆಗೆ ಇರುವುದು, ಕಂತು ಕಟ್ಟುವ ಹೊಣೆ ನಿಮ್ಮದೇ.

ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಆಗಿಲ್ಲದಿದ್ದರೆ ತಕ್ಷಣ ಮಾಡಿಸಿ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯಾಖ್ಯೆಯಂತೆ ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ಮೀರದಿದ್ದರೆ ನೀವು ಅತಿ ಸಣ್ಣ ಉದ್ಯಮವೇ. ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನಿಮ್ಮಿಂದ ಕೊಂಡವರು, ಲಿಖಿತ ಒಪ್ಪಂದವಿದ್ದರೂ, 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವಂತೆ. ಶೇ 70 ಕೆಲಸ ಕೊಡುವ ಗ್ರಾಹಕರ ಮೇಲೆ ಈ ಕಾಯ್ದೆಯನ್ನು ಬಳಸುವುದು ಸುಲಭವಲ್ಲ ಎಂಬುದನ್ನು ಬಲ್ಲೆ. ಅದಕ್ಕಾಗಿಯೇ ಟ್ರೆಡ್ಸ್ ವೇದಿಕೆಯನ್ನು ನೋಡಿ ಎನ್ನುತ್ತೇನೆ: ಗ್ರಾಹಕರು ಅಲ್ಲಿ ನೋಂದಾಯಿಸಿದ್ದು ನಿಮ್ಮ ಬಿಲ್ಲನ್ನು ಒಪ್ಪಿಕೊಂಡರೆ, ಹಣಕಾಸು ಸಂಸ್ಥೆಗಳು ಅದನ್ನು ರಿಯಾಯಿತಿಯಲ್ಲಿ ಕೊಂಡು ಕೆಲವೇ ದಿನಗಳಲ್ಲಿ ಹಣ ಕೊಡುತ್ತವೆ, ನಂತರ ಗ್ರಾಹಕರು ಹಣ ಕಟ್ಟದಿದ್ದರೂ ನಿಮ್ಮ ಮೇಲೆ ಬರುವುದಿಲ್ಲ.

ಟೂಲಿನ ಹಣ ಯಾರದು ಎಂಬುದನ್ನೂ ಬಾಯಿಮಾತಿಗೆ ಬಿಡಬಾರದು. ಟೂಲಿನ ಬೆಲೆಯನ್ನು ಭಾಗದ ದರದಲ್ಲೇ ಸೇರಿಸಿ ವಸೂಲು ಮಾಡಿಕೊಳ್ಳಿ ಎಂದು ಹಲವು ಗ್ರಾಹಕರು ಹೇಳುತ್ತಾರೆ. 8 ಲಕ್ಷದ ಟೂಲನ್ನು 4 ಲಕ್ಷ ಭಾಗಗಳ ಮೇಲೆ ಹಂಚಿದರೆ ಒಂದಕ್ಕೆ 2 ರೂಪಾಯಿ. ಒಂದೂವರೆ ಲಕ್ಷ ಭಾಗಗಳಾದ ಮೇಲೆ ಮಾದರಿ ಬದಲಾಗಿ ಆರ್ಡರ್ ನಿಂತರೆ 5 ಲಕ್ಷ ನಿಮ್ಮ ತಲೆಯ ಮೇಲೆ ಬಿತ್ತು. ಆದ್ದರಿಂದ ಮುಂಗಡ ಎಷ್ಟು, ಮಾದರಿ ಒಪ್ಪಿಗೆಯಾದಾಗ ಎಷ್ಟು, ಆರ್ಡರ್ ಮಧ್ಯದಲ್ಲಿ ನಿಂತರೆ ಬಾಕಿ ಯಾರು ಕೊಡುತ್ತಾರೆ, ಇನ್ಸರ್ಟ್ (ಟೂಲಿನಲ್ಲಿ ಸವೆದಾಗ ಬದಲಿಸುವ ತುಂಡು) ಬದಲಾವಣೆಯ ಖರ್ಚು ಯಾರದು, ಉಕ್ಕಿನ ದರ ಏರಿದಾಗ ಭಾಗದ ದರ ಎಷ್ಟು ದಿನಕ್ಕೆ ಪರಿಷ್ಕರಣೆಯಾಗುತ್ತದೆ ಎಂಬುದೆಲ್ಲ ಪರ್ಚೇಸ್ ಆರ್ಡರಿನಲ್ಲೇ ಬರಲಿ.

ಒಬ್ಬರೇ ಗ್ರಾಹಕರನ್ನು ನಂಬಿ 200 ಟನ್ ಪ್ರೆಸ್ ಹಾಕುವುದರ ಅಪಾಯ ಇದರಿಂದಲೇ ಸ್ಪಷ್ಟವಾಗುತ್ತದೆ. ಸ್ವಿಚ್‌ಗೇರ್, ವಿದ್ಯುತ್ ಮೀಟರ್, ಲಿಫ್ಟ್, ವೈದ್ಯಕೀಯ ಉಪಕರಣ, ವಿದ್ಯುತ್ ವಾಹನದ ಬ್ಯಾಟರಿಗೆ ಬೇಕಾಗುವ ತಾಮ್ರ ಮತ್ತು ಅಲ್ಯೂಮಿನಿಯಂ ಬಸ್‌ಬಾರ್ (ವಿದ್ಯುತ್ ಹರಿಸುವ ಪಟ್ಟಿ) ಇವೆಲ್ಲಕ್ಕೂ ಬೆಂಗಳೂರು ಹೊಸೂರು ಪಟ್ಟಿಯಲ್ಲಿ ಬೇಡಿಕೆ ಇದೆ. ಇವುಗಳಲ್ಲಿ ಬಹಳಷ್ಟು ನಿಮ್ಮ ಈಗಿನ ಟನೇಜಿನಲ್ಲೇ ಆಗುವಂಥವು. ಅವರ ಬಳಿಗೆ ಭಾಗದ ದರಪಟ್ಟಿ ಹಿಡಿದು ಹೋಗಬೇಡಿ, ಟೂಲ್ ಮಾಡಿಕೊಡುತ್ತೇವೆಂದು ಹೋಗಿ. ಟೂಲ್ ಮಾಡಿದವರಿಗೇ ಭಾಗದ ಕೆಲಸವೂ ದಕ್ಕುವ ಸಾಧ್ಯತೆ ಹೆಚ್ಚು. ಐಎಸ್‌ಒ 9001 ಪ್ರಮಾಣಪತ್ರವನ್ನು ಮೊದಲು ಗಟ್ಟಿ ಮಾಡಿಕೊಂಡು, ವಾಹನ ಕ್ಷೇತ್ರದಲ್ಲೇ ಮುಂದುವರಿಯುವುದಾದರೆ ಆ ಕ್ಷೇತ್ರದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರತ್ತ ಹೆಜ್ಜೆ ಇಡಿ. ಒಬ್ಬ ಗ್ರಾಹಕರ ಪಾಲು ವಹಿವಾಟಿನ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ದೊಡ್ಡ ಪ್ರೆಸ್ಸಿನ ಸಾಲವನ್ನು ನೀವು ನಿಶ್ಚಿಂತೆಯಿಂದ ಹೊರಬಹುದು.

ನೀವು ಕೇಳದಿದ್ದರೂ ಒಂದು ವಿಷಯವನ್ನು ನಾನು ಹೇಳಲೇಬೇಕು. ನಿಮ್ಮ ಎರಡು ಕೀ ಕ್ಲಚ್ ಪ್ರೆಸ್ಸುಗಳಲ್ಲಿ ಕೀ ಅಥವಾ ಅದರ ಸ್ಪ್ರಿಂಗ್ ಸವೆದಾಗ, ಪೆಡಲ್ ಒತ್ತದಿದ್ದರೂ, ಮೇಲಿನಿಂದ ಇಳಿದು ಬಡಿಯುವ ರ್‍ಯಾಮ್ ಎರಡನೇ ಬಾರಿ ಇಳಿಯಬಹುದು. ಕೆಲಸಗಾರರ ಬೆರಳುಗಳು ಹೋಗುವುದು ಬಹುಪಾಲು ಇಂಥ ಯಂತ್ರಗಳಲ್ಲೇ. ಅವುಗಳಿಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಯಂತ್ರಕ್ಕೆ ನಿಲ್ಲಲು ಸೂಚಿಸುವ ಬೆಳಕಿನ ಪರದೆ) ಹಾಕಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೀ ಕ್ಲಚ್ ಒಮ್ಮೆ ಹಿಡಿದರೆ ಸುತ್ತು ಪೂರ್ತಿಯಾಗುವವರೆಗೆ ಬಿಡುವುದಿಲ್ಲ, ಹಾಗಾಗಿ ಬೆಳಕಿನ ಪರದೆ ಕೈಯನ್ನು ಕಂಡರೂ ರ್‍ಯಾಮನ್ನು ನಡುವೆ ನಿಲ್ಲಿಸಲಾರದು. ಅಲ್ಲಿ ಬೆರಳೂ ತೂರದಂಥ ಸ್ಥಿರ ಗಾರ್ಡ್ ಇರಬೇಕು, ಕೈ ಡೈ ಒಳಗೆ ಹೋಗದಂತೆ ಟೂಲಿನ ವಿನ್ಯಾಸವೇ ಇರಬೇಕು. ನ್ಯೂಮ್ಯಾಟಿಕ್ ಕ್ಲಚ್ ಮತ್ತು ಬ್ರೇಕ್ ಇರುವ ಪ್ರೆಸ್ಸಿನಲ್ಲಿ ಎರಡು ಕೈಯ ಬಟನ್ ಹಾಗೂ ಲೈಟ್ ಕರ್ಟನ್ ನಿಜವಾಗಿ ಕೆಲಸ ಮಾಡುತ್ತವೆ. ಆದ್ದರಿಂದ ನಿಮ್ಮ ಸಾಲದಲ್ಲಿ ಒಂದು ಪಾಲು ಈ ಎರಡು ಹಳೆಯ ಪ್ರೆಸ್ಸುಗಳನ್ನು ಬದಲಿಸಲು ಮೀಸಲಾಗಲಿ. ಇದನ್ನು ನಾನು ದೊಡ್ಡ ಪ್ರೆಸ್ಸಿಗಿಂತಲೂ ಮೊದಲು ಇಡುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಫ್ರೇಮಿನಲ್ಲಿ ಬಿರುಕು, ರ್‍ಯಾಮ್ ಮತ್ತು ಬೆಡ್ ನಡುವಿನ ಸಮಾನಾಂತರ, ಬೇರಿಂಗಿನ ಸಡಿಲ, ಬ್ರೇಕ್ ಹಿಡಿಯುವ ವೇಗ ಇವನ್ನು ಬಲ್ಲವರಿಂದ ಪರೀಕ್ಷಿಸದೆ ಮುಂಗಡ ಕೊಡಬೇಡಿ.

ದಾಬಸ್‌ಪೇಟೆಯ ವಿಚಾರ ಸದ್ಯಕ್ಕೆ ಬೇಡ. ಅಲ್ಲಿ ಜಾಗ ವಿಶಾಲ, ದೊಡ್ಡ ಪ್ರೆಸ್ಸಿಗೆ ಅಡಿಪಾಯ ಹಾಕಲು ಅನುಕೂಲ, ನೆರೆಯವರಿಂದ ಸದ್ದಿನ ದೂರು ಬರುವುದಿಲ್ಲ, ಇವೆಲ್ಲ ನಿಜ. ಆದರೆ ಒಂದು ಪಂಚ್ ಮುರಿದರೆ ಬೇಗನೆ ಹೊಸದನ್ನು ಕತ್ತರಿಸಿ, ಹೀಟ್ ಟ್ರೀಟ್‌ಮೆಂಟ್ ಮಾಡಿಸಿ ತರುವ ಸೌಲಭ್ಯ ಪೀಣ್ಯದ್ದು, ಮತ್ತು ಮೆಟ್ರೊದಲ್ಲಿ ಬಂದುಹೋಗುವ ನಿಮ್ಮ ನುರಿತ ಕೆಲಸಗಾರರಲ್ಲಿ ಕೆಲವರು ಅಷ್ಟು ದೂರ ಬರಲಾರರು. ದೊಡ್ಡ ಪ್ರೆಸ್ ಬರುವ ಕಾಲಕ್ಕೆ ಟೂಲ್ ರೂಮನ್ನು ಪೀಣ್ಯದಲ್ಲೇ ಉಳಿಸಿಕೊಂಡು, ಪ್ರೆಸ್ ಶಾಪನ್ನು ಮಾತ್ರ ತುಮಕೂರು ರಸ್ತೆಯಲ್ಲಿ ಮುಂದಕ್ಕೆ ಒಯ್ಯಬಹುದು. ಅಲ್ಲಿಯವರೆಗೆ ಗ್ರಾಹಕರ ಬ್ರ್ಯಾಕೆಟ್ಟುಗಳಿಗೆ ನೀವೇ ಟೂಲ್ ಮಾಡಿ, 110 ಅಥವಾ 160 ಟನ್ ಪ್ರೆಸ್ಸಿನಲ್ಲಿ ಬಿಡುವಿರುವ ಪೀಣ್ಯದ ಬೇರೊಂದು ಘಟಕದಲ್ಲಿ ಗಂಟೆ ಬಾಡಿಗೆಗೆ ಓಡಿಸಿ, ನಿಮ್ಮ ಕಾಯಿಲ್, ನಿಮ್ಮ ಆಪರೇಟರ್, ನಿಮ್ಮ ಪರಿಶೀಲನೆಯಲ್ಲಿ ಮಾಲು ಕಳುಹಿಸಿ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ನಿನಂತೆ ಜಾಬ್ ವರ್ಕಿಗೆ ಚಲನ್ ಮೇಲೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು, ಡೈ ಮತ್ತು ಫಿಕ್ಸ್‌ಚರ್‌ಗಳಿಗೆ ಆ ಕಾಲಮಿತಿ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ಟೂಲ್ ಅಲ್ಲಿಯೇ ಉಳಿದರೂ ತೊಂದರೆಯಿಲ್ಲ. ಆರು ತಿಂಗಳ ಬಾಡಿಗೆಯ ಬಿಲ್ಲುಗಳನ್ನು ಹೊಸ ಪ್ರೆಸ್ಸಿನ ಮಾಸಿಕ ಕಂತಿನ ಪಕ್ಕದಲ್ಲಿಟ್ಟು ನೋಡಿ. ಬಾಡಿಗೆಯೇ ಕಂತನ್ನು ಮೀರತೊಡಗಿದ ತಿಂಗಳು ನೀವು ಬ್ಯಾಂಕಿಗೆ ಹೋಗಬಹುದು.